ನರೇಶ ಯಾವುದಕ್ಕೆ ಹೆದರುತ್ತಾನೆ

ಹುಣಸೇಗುಟ್ಟೆ, ಕುಂದಾಣ ಹೋಬಳಿ
ಶನಿವಾರ, ೧೧ ಜನವರಿ ೨೦೨೫

ಪ್ರೀತಿಯ ಮಗ ಮುನಿರಾಜನಿಗೆ,

ಹೇಗಿದ್ದೀಯಪ್ಪ? ಹೊಸೂರಿನಲ್ಲಿ ಚಳಿ ನಮ್ಮ ಕಡೆಗಿಂತ ಜಾಸ್ತಿ ಎಂದು ಬೈರಪ್ಪ ಹೇಳಿದ. ಧನುರ್ಮಾಸ ಬಂತೆಂದರೆ ನಿನಗೆ ಎದೆ ಕಟ್ಟುವುದು ಹುಟ್ಟಿದಾಗಿನಿಂದ ಇದ್ದದ್ದೇ, ಅದಕ್ಕೇ ಮೊದಲು ಅದನ್ನೇ ಕೇಳುತ್ತಿದ್ದೇನೆ. ಬಿಸಿನೀರು ಕುಡಿಯುತ್ತಿದ್ದೀಯಾ? ಅಂಗಡಿಯ ಶೆಡ್ಡಿನಲ್ಲೇ ಮಲಗುತ್ತೀಯಂತೆ. ಸಿಮೆಂಟ್ ನೆಲದ ಮೇಲೆ ಬರೀ ಚಾಪೆ ಹಾಕಿಕೊಂಡು ಮಲಗಬೇಡ, ಕೆಳಗೊಂದು ರಟ್ಟಾದರೂ ಹಾಸಿಕೋ. ಹೋಗುವ ಆತುರದಲ್ಲಿ ಸ್ವೆಟರನ್ನು ಇಲ್ಲೇ ಬಿಟ್ಟು ಹೋಗಿದ್ದೆ, ಈ ಕಾಗದದ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ಮೊಣಕೈ ಹತ್ತಿರ ಹರಿದಿದ್ದನ್ನು ಹೊಲಿದಿದ್ದೇನೆ. ನೂಲಿನ ಬಣ್ಣ ಸರಿಹೊಂದಿಲ್ಲ ಎಂದು ಮುಖ ಸಿಂಡರಿಸಬೇಡ, ಮನೆಯಲ್ಲಿ ಅದೊಂದೇ ಬಣ್ಣ ಇದ್ದದ್ದು.

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗುತ್ತೀಯ, ನಗು ಪರವಾಗಿಲ್ಲ. ನಿನ್ನ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸು ಬಂದು ‘ನೀವು ಕರೆ ಮಾಡಿರುವ ಚಂದಾದಾರರು’ ಎಂದು ಶುರು ಮಾಡುತ್ತಾಳೆ. ಅವಳ ದನಿ ಕೇಳಿ ಕೇಳಿ ನನಗೆ ಈಗ ಸಲಿಗೆ ಬಂದುಬಿಟ್ಟಿದೆ. ಮೊನ್ನೆ ‘ಅವನೆಲ್ಲಿದಾನೆ ಅಂತ ಹೇಳಿ ಪುಣ್ಯ ಕಟ್ಕೊಳೇ ತಾಯಿ’ ಎಂದು ಅವಳನ್ನೇ ಕೇಳಿದೆ. ಅಷ್ಟರಲ್ಲಿ ಬೈರಪ್ಪ ಸಿಕ್ಕಿದ. ಅವರೆಕಾಯಿ ಮೂಟೆ ಹೇರಿಕೊಂಡು ಹೊಸೂರು ಮಾರ್ಕೆಟ್ಟಿಗೆ ಟೆಂಪೋ ಹೊಡೆಯುತ್ತಾನಲ್ಲ, ಅಲ್ಲಿ ಯಾವುದೋ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ನಿನ್ನನ್ನು ಕಂಡನಂತೆ. ‘ಅಮ್ಮಂಗೆ ಹೇಳ್ಬೇಡ ಬೈರಣ್ಣ’ ಎಂದೆಯಂತೆ. ಬೈರಪ್ಪನ ಹೊಟ್ಟೆಯಲ್ಲಿ ಯಾರ ಮಾತು ನಿಂತಿದೆ ನಿನ್ನದು ನಿಲ್ಲುವುದಕ್ಕೆ? ಟೆಂಪೋದಿಂದ ಇಳಿಯುವ ಮೊದಲೇ, ಇಂಜಿನ್ ಸದ್ದಿನ ಮೇಲೆ ಕೂಗಿ ಹೇಳಿದ. ನೀನು ಬದುಕಿದ್ದೀಯ, ಉಣ್ಣುತ್ತಿದ್ದೀಯ ಎಂದು ಗೊತ್ತಾದ ಮೇಲೆ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಮನೆ ವಿಷಯ ಕೇಳು. ಈ ಸಲ ಅವರೆಯ ಸೊಗಡು ಚೆನ್ನಾಗಿದೆ. ಹಿತಕಿದ ಬೇಳೆ ಸಾರು ಮಾಡೋಣವೆಂದು ಕಾಳು ನೆನೆಹಾಕಿ ಹಿತುಕಲು ಕೂತರೆ, ಅದು ಒಬ್ಬರೇ ಮಾಡುವ ಕೆಲಸವಲ್ಲ ಎಂದು ಗೊತ್ತಾಯಿತು. ಹೋದ ವರ್ಷ ನೀನೂ ನರೇಶನೂ ಎದುರುಬದುರು ಕೂತು, ಬೇಳೆಯನ್ನು ಒಬ್ಬರ ಮುಖಕ್ಕೆ ಒಬ್ಬರು ಚಿಮ್ಮಿಸಿಕೊಂಡು, ಬೋಗುಣಿಗೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚಾಗಿ ನಾನು ಇಬ್ಬರಿಗೂ ಸೌಟು ತೋರಿಸಿದ್ದೆ. ಈ ಸಲ ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಸಾರು ಮಾಡಿದೆ, ಮೂರು ದಿನ ಅದನ್ನೇ ಬಿಸಿ ಮಾಡಿಕೊಂಡು ತಿಂದೆ. ಟಿವಿ ಹಾಕಿಕೊಂಡು ಕೂರುತ್ತೇನೆ, ನೋಡುವುದಕ್ಕಲ್ಲ, ಮನೆಯೊಳಗೆ ಯಾರಾದರೂ ಮಾತಾಡುತ್ತಿರಲಿ ಎಂದು. ಟಿವಿ ಸ್ವಿಚ್ಚಿನ ಪಕ್ಕದಲ್ಲಿ ನರೇಶನ ಪೊರಕೆಕಡ್ಡಿ ಇನ್ನೂ ಹಾಗೇ ಒರಗಿಕೊಂಡಿದೆ. ಚಿಕ್ಕವನಿದ್ದಾಗ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿ, ಶಾಕ್ ಹೊಡೆಸಿಕೊಂಡು, ಗೋಡೆಗೆ ಹೋಗಿ ಬಿದ್ದಿದ್ದನಲ್ಲ, ಅವತ್ತಿನಿಂದ ಆ ಹುಡುಗ ಬೆರಳಲ್ಲಿ ಸ್ವಿಚ್ ಒತ್ತಿದ್ದನ್ನು ನಾನು ನೋಡಿಲ್ಲ. ಬಲ್ಬು ಉರಿಸಬೇಕಾದರೂ ಕಡ್ಡಿ, ಫೋನ್ ಚಾರ್ಜಿಗೆ ಹಾಕಬೇಕಾದರೆ ನಿನ್ನನ್ನು ಕೂಗುವುದು. ‘ಲೇ, ಮೀಸೆ ಬಂತು ಕಣೋ, ಸ್ವಿಚ್ ಕಚ್ಚಲ್ಲ ಬಾರೋ’ ಎಂದು ನೀನು ರೇಗಿಸುತ್ತಿದ್ದೆ. ಕಡ್ಡಿಯನ್ನು ಎತ್ತಿ ಬಿಸಾಡೋಣವೆಂದು ಎಷ್ಟೋ ಸಲ ಕೈ ಹಾಕಿದ್ದೇನೆ, ಮನಸ್ಸಾಗಲಿಲ್ಲ.

ಮಿಕ್ಸಿ ಮತ್ತೆ ಕೆಟ್ಟಿತ್ತು. ದೇವನಹಳ್ಳಿಗೆ ತೆಗೆದುಕೊಂಡು ಹೋಗಿ ಕೊಟ್ಟರೆ, ಅಂಗಡಿಯವನು ಬಿಚ್ಚಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು, ಕೊನೆಗೆ ಒಂದು ಸ್ಕ್ರೂ ಕಡಿಮೆ ಹಾಕಿ ವಾಪಸ್ಸು ಕೊಟ್ಟ. ಈಗ ತಿರುಗಿಸಿದರೆ ಗಡಗಡ ಎನ್ನುತ್ತದೆ. ನೀನಾದರೆ ಬಿಚ್ಚಿದ ಸ್ಕ್ರೂಗಳನ್ನೆಲ್ಲ ತಟ್ಟೆಯಲ್ಲಿ ಒಂದರ ಪಕ್ಕ ಒಂದು, ದೇವರ ಮುಂದೆ ದೀಪ ಜೋಡಿಸಿದ ಹಾಗೆ ಸಾಲಾಗಿ ಇಡುತ್ತಿದ್ದೆ. ನಿಮ್ಮಪ್ಪನಿಗೂ ಅದೇ ಅಭ್ಯಾಸ ಇತ್ತು. ನೀನು ಮಗುವಾಗಿದ್ದಾಗ ಬಟ್ಟೆಯ ಗುಂಡಿಗಳನ್ನು ಹಾಗೆ ಜೋಡಿಸಿಕೊಂಡು ಆಡುತ್ತಿದ್ದೆ. ಅವರಿದ್ದಿದ್ದರೆ ಇವತ್ತು ನಾನು ಈ ಕಾಗದ ಬರೆಯುವ ಹೊತ್ತು ಬರುತ್ತಿರಲಿಲ್ಲವೇನೋ. ಇರಲಿ, ಇಲ್ಲದವರ ಮೇಲೆ ಹೊರೆ ಹಾಕಿ ಏನು ಪ್ರಯೋಜನ.

ನರೇಶನ ವಿಷಯ ಹೇಳಬೇಕು. ಪೊಲೀಸಿನವರು ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದ ದಿನ ಸಂಜೆಯೇ ನೀನು ಅರ್ಜೆಂಟ್ ಕೆಲಸ ಎಂದು ಹೊರಟುಬಿಟ್ಟೆ, ಆಮೇಲೆ ಏನಾಯಿತು ಎಂದು ನಿನಗೆ ತಿಳಿದಿರಲಾರದು. ನನ್ನ ತಂಗಿ ಪ್ರಮೋದಾಳ ಮಗ, ಅವಳು ತೀರಿಕೊಂಡ ಮೇಲೆ ಇವನಪ್ಪ ಬೇರೆ ಸಂಸಾರ ಮಾಡಿಕೊಂಡು ಹೋದ, ಅಂಗನವಾಡಿ ವಯಸ್ಸಿನಿಂದ ನಾನೇ ಸಾಕಿದ್ದು, ನನ್ನ ಮಗನನ್ನು ಅಣ್ಣ ಅಂತಾನೆ, ಈಗ ಹದಿನಾರು, ಹತ್ತನೇ ಕ್ಲಾಸಿನಲ್ಲಿ ಗಣಿತ ಹೋಗಿ ಮನೆಯಲ್ಲಿದ್ದ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ನನಗೂ ಗೊತ್ತು. ಠಾಣೆಯಲ್ಲಿ, ಆಫೀಸುಗಳಲ್ಲಿ ಕೇಳಿದವರಿಗೆಲ್ಲ ಇದನ್ನೇ ಹೇಳಿ ಹೇಳಿ ಬಾಯಿಪಾಠವಾಗಿದೆ. ಅವನು ಮಾಡಿದ್ದೂ ಸಣ್ಣದಲ್ಲ. ಆದಿನಾರಾಯಣಪ್ಪನ ಬೋರ್‌ವೆಲ್ಲಿನ ಕೇಬಲ್ ಹೋಯಿತು, ಅದನ್ನು ಸರಿಮಾಡಿಸುವಷ್ಟರಲ್ಲಿ ನೀರಿಲ್ಲದೆ ನರ್ಸರಿಯ ಟೊಮೇಟೊ ಸಸಿಯೆಲ್ಲ ಟ್ರೇಗಳಲ್ಲೇ ತಲೆ ಬಗ್ಗಿಸಿದವು. ಆ ಮುದುಕ ಪ್ರತಿ ಟ್ರೇಯನ್ನೂ ಬೆರಳಿನಿಂದ ಎತ್ತಿ ಎತ್ತಿ ನೋಡುತ್ತಿದ್ದುದನ್ನು ನಾನು ಬೇಲಿಯ ಈಚೆಯಿಂದ ನೋಡಿದ್ದೇನೆ. ನೀಲಗಿರಿ ತೋಪಿನಿಂದ ಕಪ್ಪು ಹೊಗೆ ಎದ್ದು ಜನ ಓಡಿ ಹೋದಾಗ, ತಾಮ್ರಕ್ಕಾಗಿ ಕೇಬಲ್ ಸುಡುತ್ತ ಒಬ್ಬನೇ ಕೂತಿದ್ದ. ಕೈ, ಮೂಗು, ಕಿವಿಯೆಲ್ಲ ಮಸಿ. ಜೊತೆಯಲ್ಲಿ ಯಾರೋ ಎಂದರೆ ‘ನಾನೊಬ್ನೇ’ ಎಂದ. ಇವತ್ತಿನವರೆಗೂ ಅದೊಂದೇ ಮಾತು.

ಪಂಚಾಯ್ತಿಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಎಂದು ಒಂದಿದೆ, ಅದಕ್ಕೆ ನಾನೂ ಸದಸ್ಯೆ ಎಂದು ನೀವಿಬ್ಬರೂ ನನ್ನನ್ನು ಎಷ್ಟು ಆಡಿಕೊಳ್ಳುತ್ತಿದ್ದಿರಿ. ‘ಅಮ್ಮ ಬಿಸ್ಕತ್ ಮೀಟಿಂಗಿಗೆ ಹೊರಟ್ಲು’ ಎನ್ನುತ್ತಿದ್ದೆ ನೀನು. ಸುಳ್ಳೇನಲ್ಲ. ಟೀ ಕುಡಿಯುವುದು, ನಮ್ಮ ವ್ಯಾಪ್ತಿಯಲ್ಲಿ ಎಲ್ಲ ಮಕ್ಕಳೂ ಕ್ಷೇಮ ಎಂದು ಬರೆಯುವುದು, ಸಹಿ ಹಾಕಿ ಏಳುವುದು, ಇಷ್ಟೇ ಇದ್ದದ್ದು. ಹೋದ ಮಕ್ಕಳ ದಿನಾಚರಣೆಯಲ್ಲಿ ಮೈಕ್ ಹಿಡಿದು, ನಿಮ್ಮ ಮಕ್ಕಳು ಸಂಜೆ ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ತಂದೆತಾಯಿ ಗಮನ ಇಡಬೇಕು ಎಂದು ನಾನೇ ಭಾಷಣ ಮಾಡಿದ್ದೆ. ಜನ ಚಪ್ಪಾಳೆ ಹೊಡೆದರು. ಆಗ ನೀವಿಬ್ಬರೂ ಎಲ್ಲಿದ್ದಿರೋ, ಯಾರು ಬಲ್ಲರು. ಸಮಿತಿಯ ಮುಂದೆ ಮೊದಲ ಸಲ ನಿಜವಾದ ಒಂದು ವಿಷಯ ಬಂತು, ಅದು ನಮ್ಮ ಮನೆಯದೇ ಆಯಿತು. ಬೆಂಗಳೂರಿನ ಬಾಲನ್ಯಾಯ ಮಂಡಳಿಯವರು, ಈ ಹುಡುಗನನ್ನು ಊರಿಗೆ ಕಳಿಸಬಹುದೇ, ಕಳಿಸಿದರೆ ನೋಡಿಕೊಳ್ಳುವವರಿದ್ದಾರೆಯೇ ಎಂದು ಸಮಿತಿಯ ಅಭಿಪ್ರಾಯ ಕೇಳಿದ್ದರು. ನಾನು ಹೊರಗೆ ಕೂರುತ್ತೇನೆ ಎಂದೆ. ‘ನೀವಿಲ್ದೆ ಹೆಂಗಮ್ಮ’ ಎಂದು ಅವರೇ ಕೈಹಿಡಿದು ಕೂರಿಸಿದರು.

ಈಗ ಕೇಳು ನಮ್ಮ ಪಾಪಯ್ಯನ ಪ್ರತಾಪ. ಸುತ್ತ ಯಾವ ಮೇಷ್ಟ್ರು ರಿಟೈರಾದರೂ ಸನ್ಮಾನ ಪತ್ರ ಬರೆಯುವವನು ಅವನೇ ತಾನೆ? ಅಭಿಪ್ರಾಯವನ್ನೂ ಅವನೇ ಬರೆಯಲಿ, ಒಳ್ಳೆಯ ಕೈಬರಹ ಎಂದು ಎಲ್ಲರೂ ಒಪ್ಪಿದರು. ಎರಡು ದಿನ ಬಿಟ್ಟು ತಂದ. ಮೇಲೆ ಗಣೇಶ, ಸುತ್ತ ಚಿನ್ನದ ಬಣ್ಣದ ಅಂಚು, ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. ‘ಶ್ರೀಯುತ ನರೇಶ್‌ರವರು ಬಾಲ್ಯದಿಂದಲೂ ಸದ್ಗುಣಗಳ ಗಣಿಯಾಗಿದ್ದು, ಗ್ರಾಮದ ಕೀರ್ತಿಯನ್ನು ದಶದಿಕ್ಕುಗಳಿಗೂ ಹಬ್ಬಿಸಿರುತ್ತಾರೆ’ ಎಂದು ಶುರುವಾಗಿ, ‘ಇವರ ಮುಂದಿನ ವಿಶ್ರಾಂತ ಜೀವನವು ಸುಖಮಯವಾಗಿರಲೆಂದು ಹಾರೈಸುವ ಗ್ರಾಮಸ್ಥರು’ ಎಂದು ಮುಗಿದಿತ್ತು. ಹದಿನಾರು ವರ್ಷದ ಹುಡುಗನಿಗೆ ವಿಶ್ರಾಂತ ಜೀವನ. ಪಾಪಯ್ಯ ಹಳೆಯದನ್ನು ನೋಡಿಕೊಂಡು ಬರೆದಿದ್ದಾನೆ, ಕೊನೆಯ ಸಾಲು ಬದಲಾಯಿಸುವುದನ್ನು ಮರೆತಿದ್ದಾನೆ. ನಾನು ಬಾಯಿ ಬಿಡಲಿಲ್ಲ. ಯಾಕೆ ಗೊತ್ತಾ, ಅದರ ಹಿಂಬದಿಗೆ ಇನ್ನೊಂದು ಹಾಳೆ ಅಂಟಿಸಿ ಸಹಿಗೆ ಇಟ್ಟಿದ್ದರು, ಜನ ಸಾಲು ನಿಂತು ಸಹಿ ಹಾಕುತ್ತಿದ್ದರು. ಹಾಲಿನ ಡೇರಿಯವರು, ಸಂಘದ ಹೆಂಗಸರು, ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನನಗೆ ವೋಟು ಹಾಕದವರು ಕೂಡ. ಊರು ನನ್ನ ಬೆನ್ನಿಗಿದೆ ಎಂದು ನನಗೆ ಕಣ್ಣಲ್ಲಿ ನೀರು ಬಂದಿತ್ತು. ಆದಿನಾರಾಯಣಪ್ಪ ಒಬ್ಬರು ಮಾತ್ರ ಓದಿ ನೋಡಿ, ‘ದಶದಿಕ್ಕಿಗೆ ಹಬ್ಬಿದ್ದು ಹೊಗೆ ಕಣಯ್ಯ’ ಎಂದು ಪೆನ್ನನ್ನು ಪಾಪಯ್ಯನ ಜೇಬಿಗೇ ವಾಪಸ್ಸು ಸಿಕ್ಕಿಸಿ ಹೊರಟುಹೋದರು.

ಆಮೇಲೆ ಕವಿತ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಮಂಡಳಿಯ ಪರವಾಗಿ ಮನೆಮಠ ನೋಡಿ ವರದಿ ಕೊಡುವ ಅಧಿಕಾರಿ, ನೋಡಿದರೆ ಕಾಲೇಜಿಗೆ ಹೋಗುವವಳ ಹಾಗಿದ್ದಾಳೆ. ಅವಳು ಮನೆಯೆಲ್ಲ ನೋಡಿ, ನರೇಶ ಮಲಗುವ ಜಾಗ ಯಾವುದು, ಯಾವಾಗ ಏಳುತ್ತಾನೆ ಎಂದು ಕೇಳಿ, ಅರಳಿಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿದಳು. ಸನ್ಮಾನ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು, ‘ಇಷ್ಟು ಜನ ಸಹಿ ಹಾಕಿದೀರಿ, ಬಹಳ ಸಂತೋಷ. ನನಗೆ ಒಂದೇ ಒಂದು ಹೆಸರು ಬೇಕು. ಮನೆಯವರಲ್ಲದ ಒಬ್ಬರು. ದಿನಾ ಸಂಜೆ ಈ ಹುಡುಗನ್ನ ಕಣ್ಣಾರೆ ನೋಡಿ, ಮಾತಾಡಿಸಿ, ಒಂದು ದಿನ ಕಾಣಿಸದಿದ್ರೆ ನನಗೆ ಫೋನ್ ಮಾಡೋರು’ ಎಂದಳು. ಆಗ ಏನಾಯಿತು ಕೇಳು ಮುನಿ. ಒಬ್ಬರಿಗೆ ಫೋನ್ ಬಂತು. ಒಬ್ಬರಿಗೆ ಡೇರಿಗೆ ಹೊತ್ತಾಯಿತು. ಪಾಪಯ್ಯ, ‘ಬರವಣಿಗೆ ಏನಾದ್ರೂ ಇದ್ರೆ ಹೇಳಿ ಮೇಡಂ’ ಎಂದ. ಅಷ್ಟೊಂದು ಸಹಿಗಳ ಮಧ್ಯೆ ನಾನು ಒಬ್ಬಳೇ ಕೂತಿದ್ದೆ. ಯಾರ ಮೇಲೂ ಕೋಪವಿಲ್ಲ, ಬೇರೆಯವರ ಮಗನ ವಿಷಯವಾಗಿದ್ದರೆ ನನಗೂ ಆ ಹೊತ್ತಿಗೆ ಹಸು ನೆನಪಾಗುತ್ತಿತ್ತು.

ಹಿಂದೆ ನಿಂತಿದ್ದ ಆದಿನಾರಾಯಣಪ್ಪ ಆಗ ಮುಂದೆ ಬಂದರು. ‘ಒಳ್ಳೆ ಹುಡುಗ ಅಂತ ನಾನು ಸಹಿ ಹಾಕಲ್ಲಮ್ಮ, ಸಸಿ ಹೋಗಿರೋದು ನಂದು. ಆದ್ರೆ ಸಂಜೆ ನಮ್ಮ ನರ್ಸರಿಗೆ ಬರ್ಲಿ, ಟ್ರೇ ತುಂಬಿಸ್ಲಿ. ಬರದಿದ್ರೆ ನಾನು ಹೇಳ್ತೀನಿ, ನನ್ನ ಹೆಸರು ಬರ್ಕೊಳ್ಳಿ’ ಎಂದರು. ನನಗೆ ಅವರ ಕಾಲು ಹಿಡಿಯಬೇಕು ಎನ್ನಿಸಿತು. ಆದರೆ ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಕವಿತಳ ಕಡೆ ತಿರುಗಿ, ‘ಇನ್ನೊಂದು ಮಾತು. ಇದು ಒಬ್ಬನ ಕೆಲ್ಸ ಅಲ್ಲ. ಸ್ಟಾರ್ಟರ್ ಪೆಟ್ಟಿಗೇಲಿ ಮೂರೂ ಫ್ಯೂಸ್ ಕಿತ್ತು, ಪೆಟ್ಟಿಗೆ ಮೇಲೆ ಸಾಲಾಗಿ ಜೋಡಿಸಿಟ್ಟಿದ್ರು. ಕಳ್ಳತನಕ್ಕೆ ಬಂದೋನು ಎಸೆದು ಹೋಗ್ತಾನೆ, ಯಾರು ಹಂಗೆ ಜೋಡಿಸ್ತಾರೆ? ಅದು ಕೆಲ್ಸ ಕಲ್ತ ಕೈ’ ಎಂದರು. ಕವಿತ ಬರೆದುಕೊಂಡಳು. ಜೊತೆಯಲ್ಲಿದ್ದವರು ಯಾರು ಎಂದು ತಿಳಿಯದೆ ಹುಡುಗನನ್ನು ಊರಿಗೆ ಬಿಟ್ಟರೆ, ಮತ್ತೆ ಅವರ ಕೈಗೇ ಸಿಗುತ್ತಾನೆ, ಹಾಗಾಗಿ ಮಂಡಳಿ ಒಪ್ಪುವುದು ಕಷ್ಟ ಎಂದು ನನಗೆ ಬಿಡಿಸಿ ಹೇಳಿದಳು. ನಾನು ನೀರು ಕುಡಿದು ಬರುತ್ತೇನೆ ಎಂದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದು, ಚೊಂಬನ್ನು ಹಾಗೇ ಇಟ್ಟು, ಕುಡಿಯದೆ ವಾಪಸ್ಸು ಹೋದೆ.

ಹೋದ ಗುರುವಾರ ಮಂಡಳಿಯ ಮುಂದೆ ಹೋಗಿದ್ದೆ. ಕೋರ್ಟು ಎಂದರೆ ಕಟಕಟೆ, ಕರಿ ಕೋಟು ಎಂದುಕೊಂಡಿದ್ದೆ. ಹಾಗೇನಿಲ್ಲ, ಒಂದು ಮೇಜು, ಸುತ್ತ ಕುರ್ಚಿಗಳು. ನಡುವೆ ಜಡ್ಜ್ ಮೇಡಂ, ಆ ಕಡೆ ಈ ಕಡೆ ಇಬ್ಬರು ಸದಸ್ಯರು. ಪೊಲೀಸಿನವರು ಕೂಡ ಮಕ್ಕಳು ಹೆದರಬಾರದೆಂದು ಮಾಮೂಲಿ ಶರಟು ಹಾಕಿಕೊಂಡು ಬರುತ್ತಾರಂತೆ. ನರೇಶನನ್ನು ವೀಕ್ಷಣಾಲಯದಿಂದ, ಅಂದರೆ ಕೇಸು ಮುಗಿಯುವವರೆಗೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯಿಂದ, ಕರೆತಂದರು. ಕೂದಲು ಸಣ್ಣಗೆ ಕತ್ತರಿಸಿದ್ದಾರೆ, ಕಿವಿ ಎರಡೂ ಎದ್ದು ಕಾಣುತ್ತವೆ, ಥೇಟ್ ಪ್ರಮೋದಾಳ ಕಿವಿ. ಚೆನ್ನಾಗಿ ನೋಡಿಕೊಳ್ಳುತ್ತಾರಂತೆ, ಗಣಿತ ಹೇಳಿಕೊಡುವವರೂ ಬರುತ್ತಾರಂತೆ. ‘ಊಟ ಮಾಡ್ತೀಯೇನೋ’ ಎಂದೆ. ‘ಹ್ಞೂಂ ದೊಡ್ಡಮ್ಮ’ ಎಂದ. ತಕ್ಷಣ ‘ಅಣ್ಣ ಹೇಗಿದಾನೆ’ ಎಂದು ಕೇಳಿದ. ತನ್ನ ಬಗ್ಗೆ ಏನೂ ಹೇಳಲಿಲ್ಲ, ಯಾವಾಗ ಬಿಡಿಸುತ್ತೀರಿ ಎಂದೂ ಕೇಳಲಿಲ್ಲ. ಚೆನ್ನಾಗಿದ್ದಾನೆ ಎಂದೆ. ನೀನು ಎಲ್ಲಿದ್ದೀಯ ಎಂದೇ ಆಗ ನನಗೆ ಗೊತ್ತಿರಲಿಲ್ಲ.

ಮೇಡಂ ಸನ್ಮಾನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ವಿಶ್ರಾಂತ ಜೀವನದ ಹತ್ತಿರ ಬಂದಾಗ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು, ನಗಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ‘ಇದರಲ್ಲಿ ಈ ಹುಡುಗ ಎಲ್ಲಿದಾನಮ್ಮ?’ ಎಂದರು. ನರೇಶನನ್ನು ಯಾರಿದ್ದರು ಎಂದು ಮತ್ತೆ ಕೇಳಿದರು, ಮೆತ್ತಗೆ, ಮೇಷ್ಟ್ರು ಕೇಳಿದ ಹಾಗೆ. ‘ನಾನೊಬ್ನೇ ಮೇಡಂ’ ಎಂದ. ಫ್ಯೂಸ್ ಕಿತ್ತದ್ದು ಯಾರು ಎಂದರೆ ‘ನಾನೇ’ ಎಂದ. ಆಗ ಅವರು ನನ್ನ ಕಡೆ ತಿರುಗಿದರು. ‘ಇವನು ಯಾರಿಗೋ ಹೆದರಿ ಸುಮ್ಮನಿದಾನೆ ಅಂತ ನಮಗೆ ಅನುಮಾನ. ಇವನನ್ನ ಸಾಕಿದೋರು ನೀವು. ಈ ಹುಡುಗ ಯಾವುದಕ್ಕೆ ಹೆದರ್ತಾ ಇದ್ದ, ನೀವೇ ಹೇಳಿ’ ಎಂದರು. ನನಗೆ ಎಷ್ಟು ಸುಲಭವಾದ ಪ್ರಶ್ನೆ, ಮುನಿ. ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ನರೇಶ ನನ್ನನ್ನೇ ನೋಡಿದ. ನೋಡಿ, ಯಾರಿಗೂ ಕಾಣದಷ್ಟು ಸಣ್ಣಗೆ, ಬೇಡ ಎಂದು ತಲೆ ಅಲ್ಲಾಡಿಸಿದ. ನಾನು ಬಾಯಿ ಮುಚ್ಚಿಕೊಂಡೆ. ಆಮೇಲೆ, ‘ಯೋಚನೆ ಮಾಡಿ ಹೇಳ್ತೀನಿ ಮೇಡಂ’ ಎಂದೆ.

ಪಕ್ಕದಲ್ಲಿದ್ದ ಸದಸ್ಯರೊಬ್ಬರು, ‘ಸಾಕಿದ ಮಗು ಯಾವುದಕ್ಕೆ ಹೆದರುತ್ತೆ ಅಂತ ಹೇಳೋಕೂ ಯೋಚನೆ ಮಾಡ್ಬೇಕಾ’ ಎಂದರು. ಬೈಯಲಿಲ್ಲ, ಬೇಜಾರಿನಿಂದ ಹೇಳಿದರು. ಈ ಮನೆಗೆ ಈ ಹುಡುಗನ ಪರಿಚಯವೇ ಇಲ್ಲ ಎಂದು ಅವರಿಗೆ ಅನ್ನಿಸಿತು, ಅನ್ನಿಸದೆ ಇನ್ನೇನು. ಮುಂದಿನ ಗುರುವಾರಕ್ಕೆ ತಾರೀಕು ಕೊಟ್ಟರು. ಅವತ್ತಾದರೂ ಯಾರಿದ್ದರು ಎಂಬುದು ಗೊತ್ತಾದರೆ ಆದಿನಾರಾಯಣಪ್ಪನ ಮಾತಿನ ಮೇಲೆ ಊರಿಗೆ ಕಳಿಸಬಹುದು, ಇಲ್ಲದಿದ್ದರೆ ಅವನು ಅಲ್ಲೇ ಇರಬೇಕಾಗುತ್ತದೆ ಎಂದರು. ನರೇಶ ಹೋಗುವಾಗ ತಿರುಗಿ ಕೈ ಎತ್ತಿದ. ಮುಖದಲ್ಲಿ ನಗುವಿತ್ತು. ನಾನು ಸುಮ್ಮನಿದ್ದುದಕ್ಕೆ ಆ ಹುಡುಗ ನನಗೆ ಥ್ಯಾಂಕ್ಸ್ ಹೇಳಿದ ಹಾಗಿತ್ತು. ಅಲ್ಲಿಂದ ಬಸ್ಸು ಹತ್ತಿ ಬರುವಾಗ ದೇವನಹಳ್ಳಿ ದಾಟಿದ್ದೂ ತಿಳಿಯದೆ, ಕಂಡಕ್ಟರ್ ಬಂದು ‘ಎಲ್ಲಿಗಮ್ಮ ಟಿಕೆಟ್ ತಗೊಂಡಿದ್ದು’ ಎಂದು ಎಬ್ಬಿಸಿ ಅದರಾಚೆಯ ವಿಜಯಪುರದಲ್ಲಿ ಇಳಿಸಿದ. ನಾನು ನಿದ್ದೆ ಮಾಡಿರಲಿಲ್ಲ. ಯಾರೂ ಗುರುತಿಲ್ಲದ ಆ ಸ್ಟ್ಯಾಂಡಿನಲ್ಲಿ ವಾಪಸ್ ಬಸ್ಸು ಬರುವವರೆಗೂ ಕೂತು ಅತ್ತೆ. ಊರಿನಲ್ಲಿ ಅಳುವುದಕ್ಕೆ ಆಗುವುದಿಲ್ಲ, ಬಂದು ವಿಚಾರಿಸುತ್ತಾರೆ.

ಜನ ಮಾತಾಡಿಸುವುದಿಲ್ಲ ಎಂದಲ್ಲ. ‘ಏನ್ ರುಕ್ಮಿಣಮ್ಮ, ಆರಾಮಾ’ ಎಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ, ಒಳಗೆ ಬರುವುದಿಲ್ಲ. ಬಂದರೆ ದಿನಾ ಸಂಜೆ ಹುಡುಗನನ್ನು ನೋಡುವವರು ಯಾರು ಎಂಬ ಪ್ರಶ್ನೆ ಮತ್ತೆ ಬರುತ್ತದೆಂದು ಅವರಿಗೆ ಸಂಕೋಚ. ನಾನೂ ಕರೆಯುವುದಿಲ್ಲ. ನಿನ್ನೆ ಮನೆಯಲ್ಲಿರಲಾರದೆ ಆದಿನಾರಾಯಣಪ್ಪನ ನರ್ಸರಿಗೆ ಹೋಗಿ, ಕೇಳದೆ ಹೇಳದೆ ಟ್ರೇಗೆ ಗೊಬ್ಬರ ತುಂಬಿಸುತ್ತ ಕೂತೆ. ಅವರೂ ಬೇಡ ಎನ್ನಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಮತ್ತೆ ಬಿತ್ತಿದ್ದ ಬೀಜ ಮೊಳಕೆ ಬಂದಿದೆ. ಹೊರಡುವಾಗ, ‘ನಿಮ್ಮ ಮುನಿರಾಜ ಎಲ್ಲಿ, ಕಾಣ್ತಿಲ್ಲ. ಈಗ ಜೋಡಿಸಿರೋದು ಹಳೇ ತುಂಡು, ಹೊಸ ಕೇಬಲ್ ಅವನ ಕೈಲೇ ಹಾಕಿಸೋಣ ಅಂತಿದ್ದೆ, ಅಚ್ಚುಕಟ್ಟಾಗಿ ಮಾಡ್ತಾನೆ’ ಎಂದರು. ನನ್ನ ಮುಖ ನೋಡಿಕೊಂಡೇ ಹೇಳಿದರು. ಹೊರಗೆ ಹೋಗಿದ್ದಾನೆ, ಬರುತ್ತಾನೆ ಎಂದೆ. ‘ಬರ್ಲಿ, ಬರ್ಲಿ’ ಎಂದು ಕೈ ತೊಳೆಯಲು ನನಗೆ ನೀರು ಬಿಟ್ಟರು.

ಮಂಗಳವಾರ ಸಂಕ್ರಾಂತಿ. ಎಳ್ಳು ತಂದಿಟ್ಟಿದ್ದೇನೆ, ಇನ್ನೂ ಹುರಿದಿಲ್ಲ. ಕೊಬ್ಬರಿ ಹೆಚ್ಚುವುದು ನಿನ್ನ ಕೆಲಸ, ಬೆಲ್ಲ ಕದಿಯುವುದು ಅವನ ಕೆಲಸ, ಇಬ್ಬರೂ ಇಲ್ಲದೆ ಯಾರಿಗೆ ಬೀರಲಿ. ನಿನ್ನ ಕೆಲಸ ಹೇಗಿದೆ, ಸಾಹುಕಾರ ಒಳ್ಳೆಯವನೇ, ಮೂರು ಹೊತ್ತು ಊಟ ಎಲ್ಲಿ ಮಾಡುತ್ತೀಯ, ಎಲ್ಲ ಬೈರಪ್ಪನ ಹತ್ತಿರ ಹೇಳಿ ಕಳಿಸು. ಅವನು ಎಲ್ಲವನ್ನೂ ಹೇಳುತ್ತಾನೆ, ಆ ಭರವಸೆ ನನಗಿದೆ. ನೀನು ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡುವ ಹಾಗಾಗಲಿ. ನಿನ್ನನ್ನು ಹೆತ್ತವಳಾಗಿ ನಾನು ದೇವರ ಹತ್ತಿರ ಕೇಳುವುದು ಇಷ್ಟೇ.

ನಿನ್ನ ದಾರಿ ನೋಡುತ್ತಿರುವ
ಅಮ್ಮ
ರುಕ್ಮಿಣಮ್ಮ

ಮರೆತಿದ್ದೆ: ಬೈರಪ್ಪ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು. ಗುರುವಾರ ನಾನು ಮೇಡಂಗೆ ಉತ್ತರ ಹೇಳುತ್ತೇನೆ. ನರೇಶ ಹೆದರುವುದು ಕರೆಂಟಿಗೆ. ಬಲ್ಬು ಹಾಕಲು ಕಡ್ಡಿ ಹುಡುಕುವ ಹುಡುಗ ಫ್ಯೂಸ್ ಕಿತ್ತ ಎಂದರೆ ಆಮೇಲೆ ಅವರು ನಂಬುವುದಿಲ್ಲ, ಹಾಗಾದರೆ ಕಿತ್ತವರು ಯಾರು ಎಂದು ಕೇಳುತ್ತಾರೆ. ಅದಕ್ಕೂ ಉತ್ತರ ನನಗೆ ಗೊತ್ತು, ನಿನಗೂ ಗೊತ್ತು. ನಿನಗೆ ಇಪ್ಪತ್ತು ತುಂಬಿದೆ, ನಿನ್ನನ್ನು ಕರೆದುಕೊಂಡು ಹೋಗುವ ಜಾಗ ಬೇರೆ ಎಂಬುದೂ ಗೊತ್ತು, ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವನು ನಿನಗೋಸ್ಕರ ಅಲ್ಲಿ ಕೂತು ಅಣ್ಣ ಹೇಗಿದಾನೆ ಎಂದು ಕೇಳುತ್ತಾನೆ ಕಣೋ. ನೀನೇ ಬಂದು ಆ ಎರಡನೆಯ ಉತ್ತರ ಹೇಳಿದರೆ ಒಪ್ಪಿಕೊಂಡ ಹಾಗಾಗುತ್ತದೆ, ನಾನು ಹೇಳಿದರೆ ಹಿಡಿದುಕೊಟ್ಟ ಹಾಗಾಗುತ್ತದೆ. ಅದನ್ನು ನನ್ನ ಬಾಯಲ್ಲಿ ಹೇಳಿಸಬೇಡ, ಆದರೆ ಬರದಿದ್ದರೆ ಹೇಳುತ್ತೇನೆ. ಹೊಸೂರಿನಿಂದ ಬೆಳಗಿನ ಬಸ್ಸು ಹಿಡಿದರೆ ಸಾಕು, ಸ್ವೆಟರ್ ಹಾಕಿಕೊಂಡು ಬಾ. ಹಿತಕಿದ ಬೇಳೆ ಇಬ್ಬರಿಗೂ ತರುತ್ತೇನೆ. ಒಳಗಿನಿಂದ ಕರೆಯುವವರೆಗೂ ನಾನು ಮಂಡಳಿಯ ಗೇಟಿನ ಹತ್ತಿರವೇ ನಿಂತಿರುತ್ತೇನೆ.